ಮದುವೆಯವರೆಗೆ ಕಾಯಿರಿ ಎಂದವರಿಗೆ ಕಸ್ತೂರಿ ಕೇಳಿದ ಪ್ರಶ್ನೆ

೨೦೦೮ನೆಯ ಇಸವಿ. ಆಗ ನಾನು ಜಮಖಂಡಿ ತಾಲ್ಲೂಕಿನ ಆರೋಗ್ಯ ಶಿಕ್ಷಣಾಧಿಕಾರಿ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಮಾತಾಡುವುದು. ಲಸಿಕೆ ಯಾಕೆ ಹಾಕಿಸಬೇಕು, ನೀರು ಯಾಕೆ ಕುದಿಸಬೇಕು, ಬಾಣಂತಿಗೆ ಹೊಟ್ಟೆ ತುಂಬ ಯಾಕೆ ಉಣಿಸಬೇಕು ಎಂದು ಊರೂರು ತಿರುಗಿ ಹೇಳುವುದು. ನಾನು ಹುಟ್ಟಿದ್ದು ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ. ಘಟಪ್ರಭೆಯ ಈ ದಂಡೆಯಿಂದ ಆ ದಂಡೆಯವರನ್ನು ಕೂಗಿ ಕರೆದು ಬೆಳೆದವಳಿಗೆ ಮೈಕು ಬೇಕಿರಲಿಲ್ಲ.

ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಕೋ ಬೇಡವೋ ಎಂಬ ವಾದ ಆಗ ಜೋರಾಗಿ ನಡೆದಿತ್ತು. ದೇಹದ ಬದಲಾವಣೆ, ಮುಟ್ಟು, ಗರ್ಭ ನಿಲ್ಲುವ ಬಗೆ ತಿಳಿಸುವ ನಮ್ಮ ಚಾರ್ಟುಗಳು ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದವು. ಯಾವ ಮುಖ್ಯೋಪಾಧ್ಯಾಯರೂ ನನ್ನನ್ನು ಕರೆಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಒಂದು ಪತ್ರ ಬಂತು. ಅಮೆರಿಕದ ಒಂದು ಧಾರ್ಮಿಕ ಸಂಸ್ಥೆಯವರು ಬನಹಟ್ಟಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂರು ದಿನ ಪಾಠ ಮಾಡುತ್ತಾರೆ, ನಾನು ಅನುವಾದಿಸಬೇಕು.

ಬಂದವರು ಕ್ಯಾರೊಲ್ ಎಂಬ ನಿವೃತ್ತ ಶಿಕ್ಷಕಿ. ಅರವತ್ತರ ಆಸುಪಾಸು, ಕಾಟನ್ ಸೀರೆ, ಕಾಲಿಗೆ ಓಡುವ ಬೂಟು. ಮೊದಲ ಮುಂಜಾನೆಯೇ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು, ಕಣ್ಣಲ್ಲಿ ನೀರು ಸುರಿಸುತ್ತ ಇನ್ನೊಂದು ಕೇಳಿದರು. ಇವರು ಒಳ್ಳೆಯ ಮನುಷ್ಯರೆಂದು ಅಲ್ಲಿಗೇ ನನಗೆ ಗೊತ್ತಾಯಿತು.

ಅವರ ಪಾಠದ ತಿರುಳು ಒಂದೇ: ಮದುವೆಯಾಗುವವರೆಗೆ ದೇಹಸಂಬಂಧ ಬೇಡ. ಇದಕ್ಕೆ ಅವರು ‘ಅಬ್‌ಸ್ಟಿನೆನ್ಸ್’ ಎನ್ನುತ್ತಿದ್ದರು. ಗರ್ಭಧಾರಣೆ, ಕಾಂಡೋಮ್, ರೋಗ ಇವುಗಳ ವಿವರ ಏನೂ ಇಲ್ಲ. ಹೇಳಿದರೆ ಮಕ್ಕಳಿಗೆ ದಾರಿ ತೋರಿಸಿಕೊಟ್ಟಂತೆ ಎಂಬುದು ಅವರ ಸಂಸ್ಥೆಯ ನಂಬಿಕೆ. ಮುಖ್ಯೋಪಾಧ್ಯಾಯಿನಿ ಶಾಂತಾಬಾಯಿಯವರಿಗೆ ಹಿಡಿಸಿದ್ದೂ ಅದೇ. “ಇದಾದ್ರ ಛಲೋ ಐತ್ರಿ. ಹೇಳಿದಂಗೂ ಆತು, ಏನೂ ಹೇಳದಂಗೂ ಆತು,” ಎಂದು ನಿಶ್ಚಿಂತರಾದರು.

ಮೊದಲ ದಿನ ನಗುವಿನಲ್ಲೇ ಕಳೆಯಿತು. ಪ್ರೊಜೆಕ್ಟರಿನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಕಾರಿನಲ್ಲಿ ಕೂತು ಐಸ್‌ಕ್ರೀಂ ತಿನ್ನುವ ಚಿತ್ರ ಬಂತು. ಇದರಲ್ಲಿ ಅಪಾಯ ಏನಿದೆ ಎಂದು ಕ್ಯಾರೊಲ್ ಕೇಳಿದರು. ಮುಂದಿನ ಸಾಲಿನ ಹುಡುಗಿ ಎದ್ದು, “ಥಂಡ್ಯಾಗ ಐಸ್‌ಕ್ರೀಂ ತಿಂದ್ರ ನೆಗಡಿ ಬರ್ತೈತ್ರಿ,” ಎಂದಳು. ಡೇಟಿಂಗ್ ಎಂಬುದಕ್ಕೆ ನಾನು ಎಷ್ಟು ಸುತ್ತಿ ಬಳಸಿ ಹೇಳಿದರೂ ಹುಡುಗಿಯರು ಅದನ್ನು ಹೆಣ್ಣು ನೋಡುವ ಶಾಸ್ತ್ರ ಎಂದೇ ತಿಳಿದರು. ಸಂಜೆ ಎಲ್ಲರಿಗೂ ಒಂದೊಂದು ಕಾರ್ಡು ಹಂಚಿದರು. ‘ನಾನು ಮದುವೆಯವರೆಗೆ ಕಾಯುತ್ತೇನೆ’ ಎಂಬ ಪ್ರತಿಜ್ಞೆ. ಕೆಳಗೆ ಸಹಿಗೆ ಜಾಗ. ಮರುದಿನ ಎಲ್ಲರೂ ಎದ್ದು ನಿಂತು ಓದಿ ಸಹಿ ಮಾಡಬೇಕು.

ಬನಹಟ್ಟಿಯಲ್ಲಿ ಪವರ್‌ಲೂಮಿನ ಖಟಖಟ ಹಗಲೆಲ್ಲ ನಿಲ್ಲುವುದಿಲ್ಲ. ಶಾಲೆಯ ಹಿಂದಿನ ಓಣಿಯೆಲ್ಲ ಮಗ್ಗಗಳೇ. ಎರಡನೆಯ ದಿನ ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತು. ಪ್ರೊಜೆಕ್ಟರಿನ ಜೊತೆ ಇಡೀ ಓಣಿ ಒಮ್ಮೆಲೇ ಸುಮ್ಮನಾಯಿತು. ಗದ್ದಲದಲ್ಲಿ ಗೆಳತಿಯ ಕಿವಿಗಷ್ಟೇ ಎಂದು ಕಸ್ತೂರಿ ಎಂಬ ಹುಡುಗಿ ಆಡಿದ್ದ ಮಾತು ಇಡೀ ಕೋಣೆಗೆ ಕೇಳಿಸಿಬಿಟ್ಟಿತು.

“ನಂದು ಮದುವಿ ಬರೂ ತಿಂಗಳ ಐತಿ. ಹಂಗಾದ್ರ ನಾ ಒಂದ ತಿಂಗಳ ಕಾದ್ರ ಮುಗೀತೇನ?”

ಕಸ್ತೂರಿ ಒಂಬತ್ತನೆಯ ತರಗತಿಯವಳು. ವಯಸ್ಸು ಹದಿನೈದು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೈಯಲ್ಲಿ ಸಹಿಯಾಗದ ಕಾರ್ಡು. ಯಾರೂ ನಗಲಿಲ್ಲ.

“ಏನು ಕೇಳಿದಳು?” ಎಂದರು ಕ್ಯಾರೊಲ್.

ಬಾಗಿಲಲ್ಲಿದ್ದ ಶಾಂತಾಬಾಯಿ ನನಗೆ ಕಣ್ಣಲ್ಲೇ ಬೇಡ ಎಂದರು. ಪ್ರೊಜೆಕ್ಟರು ಯಾವಾಗ ಶುರುವಾಗುತ್ತದೆ ಎಂದು ಕೇಳುತ್ತಿದ್ದಾಳೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕ್ಯಾರೊಲ್‌ರನ್ನು ಬಿಟ್ಟರೆ ಇಂಗ್ಲಿಷ್ ಬಲ್ಲವರು ಅಲ್ಲಿ ನಾನು, ಶಾಂತಾಬಾಯಿ ಇಬ್ಬರೇ. ಸುಳ್ಳು ಹೇಳುವ ವಾಕ್ಯ ಬಾಯಿಯವರೆಗೂ ಬಂದಿತ್ತು. ಕಸ್ತೂರಿ ನನ್ನನ್ನೇ ನೋಡುತ್ತಿದ್ದಳು. ಅವಳು ಕೇಳಿದ್ದನ್ನು ಒಂದಕ್ಷರ ಬಿಡದೆ ಅನುವಾದಿಸಿದೆ. ಅವಳ ವಯಸ್ಸನ್ನೂ ಸೇರಿಸಿದೆ.

ಕ್ಯಾರೊಲ್ ಕುರ್ಚಿಯ ಮೇಲೆ ಕೂತರು. ತಮ್ಮ ಕೈಪಿಡಿಯ ಹಾಳೆ ಮಗುಚಿದರು, ಮತ್ತೆ ಮಗುಚಿದರು. ಕೊನೆಗೆ ಅದನ್ನು ಮುಚ್ಚಿ, “ಇದಕ್ಕೆ ನಾನು ಉತ್ತರ ತಂದಿಲ್ಲ. ನಿಮ್ಮ ಹತ್ತಿರ ಇದೆಯೇ?” ಎಂದು ನನ್ನನ್ನು ಕೇಳಿದರು.

ನನ್ನ ಹತ್ತಿರ ಇತ್ತು. ಹದಿನೆಂಟು ತುಂಬದೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧ ಎಂದೆ. ಹದಿನೈದರ ದೇಹ ಇನ್ನೂ ಬೆಳೆಯುತ್ತಿರುತ್ತದೆ, ಆಗಲೇ ಬಸಿರಾದರೆ ತಾಯಿಗೂ ಕೂಸಿಗೂ ಅಪಾಯ; ಮದುವೆಯಾದ ಮಾತ್ರಕ್ಕೆ ಆ ಅಪಾಯ ಹೋಗುವುದಿಲ್ಲ ಎಂದೆ. ಕಸ್ತೂರಿ ಕಾರ್ಡನ್ನು ಮುಂದೆ ಹಿಡಿದಳು. “ಮತ್ತ ಇದನ್ನ ನಮ್ಮಪ್ಪಗ ಕೊಡ್ರಿ. ಕಾಯಬೇಕಾದಾಂವ ಅಂವ, ನಾ ಅಲ್ಲ.”

ಅಂದು ಸಂಜೆಯೇ ನಾವು ಮೂವರು ಆಟೋದಲ್ಲಿ ಅವರ ಮನೆಗೆ ಹೋದೆವು. ಶಾಂತಾಬಾಯಿ ದಾರಿಯುದ್ದಕ್ಕೂ, “ನನ್ನ ವರ್ಗಾ ಮಾಡಸ್ತೀರಿ ನೀವು,” ಎಂದು ಗೊಣಗುತ್ತಿದ್ದರು. ಆದರೆ ಮನೆಯ ಮುಂದೆ ಮೊದಲು ಇಳಿದವರು ಅವರೇ.

ಕಸ್ತೂರಿಯ ತಂದೆ ಮಾಳಪ್ಪ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುವವರು. ಕುರಿ ಕಾಯುವುದನ್ನು ಅವರ ತಂದೆಯ ಕಾಲಕ್ಕೇ ಬಿಟ್ಟ ಮನೆತನ. ಗೋಡೆಯ ಮೇಲೆ ಮನೆದೇವರು ಬೀರೇಶ್ವರನ ಫೋಟೋ. ವರ ಮುಧೋಳದಲ್ಲಿದ್ದ ಅವರ ತಂಗಿಯ ಮಗ. ನನ್ನ ಮಾತನ್ನೆಲ್ಲ ಕೇಳಿ ಮಾಳಪ್ಪ ಶಾಂತವಾಗಿಯೇ ಹೇಳಿದರು: “ಮದುವಿತನಕಾ ಕಾಯ್ರಿ ಅಂದವರು ನೀವ ಅಲ್ರೀ? ಮಗಳು ನಿನ್ನೆ ಬಂದು ಹೇಳ್ಯಾಳ. ಕಾಯೂದ ಬ್ಯಾಡಂತನ ನಾ ಲಗೂನ ಮದುವಿ ಮಾಡಾಕತ್ತೇನಿ. ಮತ್ಯಾಕ ತಕರಾರು?”

ಕ್ಯಾರೊಲ್‌ಗೆ ಅನುವಾದಿಸಿದೆ. ಅವರ ಮುಖ ಕೆಂಪಾಯಿತು. “ನಾನು ಅರ್ಧ ಮಾತು ಹೇಳಿದ್ದೆ. ಆ ತಪ್ಪು ನನ್ನದು. ಅದಕ್ಕೆ ನಿಮ್ಮ ಮಗಳು ಬೆಲೆ ಕೊಡಬಾರದು,” ಎಂದರು.

ಅಷ್ಟು ದೂರದಿಂದ ಬಂದವರು ತಮ್ಮ ಮನೆಯ ಚಾಪೆಯ ಮೇಲೆ ಕೂತು ತಪ್ಪೊಪ್ಪಿಕೊಂಡದ್ದು ಮಾಳಪ್ಪನವರನ್ನು ಗಲಿಬಿಲಿಗೊಳಿಸಿತು. ಅಷ್ಟರಲ್ಲಿ ಚಹಾ ತಂದ ಅವರ ಹೆಂಡತಿ ನೀಲವ್ವ, “ನಾ ಈ ಮನಿಗೆ ಬಂದಾಗ ನನಗ ಹದಿನಾಕ. ಹಡಿಯೂ ಬ್ಯಾನಿ ತಿಂದಿದ್ದು ನನಗ ಗೊತ್ತು. ಮುಧೋಳಕ್ಕ ಫೋನ್ ಹಚ್ಚಿ ಕೇಳಿ ನೋಡ್ರಿ,” ಎಂದರು.

ಮಾಳಪ್ಪ ಮೊಬೈಲಿನ ಸ್ಪೀಕರ್ ಹಚ್ಚಿದರು. ಫೋನು ಎತ್ತಿದ್ದು ಮದುಮಗನೇ.

“ಮಾವಾ, ಖರೆ ಹೇಳ್ಲೇನು? ನನಗೂ ಈಗ ಬ್ಯಾಡಾಗಿತ್ತು. ಐಟಿಐ ಇನ್ನಾ ಮುಗಿದಿಲ್ಲ.”

“ಮೊದಲ ಯಾಕ ಹೇಳಲಿಲ್ಲೋ?”

“ಯಾರು ಕೇಳಿದ್ರು?”

ಒಳಗಿನಿಂದ ಕಸ್ತೂರಿ ಕಿಸಕ್ಕನೆ ನಕ್ಕಳು. ನೀಲವ್ವ ನಕ್ಕರು, ಕಡೆಗೆ ಮಾಳಪ್ಪನೂ ನಕ್ಕರು. ನಾನು ಅನುವಾದಿಸುವ ಮೊದಲೇ ಕ್ಯಾರೊಲ್ ನಗುತ್ತಿದ್ದರು. ಹುಡುಗಿಗೆ ಹದಿನೆಂಟು ತುಂಬುವವರೆಗೆ ಮದುವೆಯ ಮಾತಿಲ್ಲ ಎಂದು ಮಾಳಪ್ಪ ಬೀರೇಶ್ವರನ ಫೋಟೋದ ಕಡೆ ತಿರುಗಿ ಹೇಳಿದರು. ತಂಗಿ ಒಂದು ವರ್ಷ ಮುನಿಸಿಕೊಂಡಿದ್ದಳಂತೆ.

ಮೂರನೆಯ ದಿನ ನಾನು ಚಾರ್ಟುಗಳ ಧೂಳು ಝಾಡಿಸಿ ಹೊತ್ತು ತಂದೆ. ಶಾಂತಾಬಾಯಿ ಬಾಗಿಲು ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಕೂತರು. ಮುಟ್ಟಾದಾಗ ಹೊಟ್ಟೆ ಯಾಕೆ ನೋಯುತ್ತದೆ, ಹೆಣ್ಣೇ ಹುಟ್ಟಿದರೆ ತಾಯಿಯದು ತಪ್ಪೇ, ಬೇಡ ಎಂದರೂ ಮೈಮುಟ್ಟುವ ನೆಂಟರಿಗೆ ಏನು ಹೇಳಬೇಕು... ಪ್ರಶ್ನೆಗಳು ಮುಗಿಯಲೇ ಇಲ್ಲ. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೊನೆಯಲ್ಲಿ ಶಾಂತಾಬಾಯಿಯವರೇ ಕೈ ಎತ್ತಿ ಒಂದು ಪ್ರಶ್ನೆ ಕೇಳಿದರು. ಅದೇನೆಂದು ನಾನು ಹೇಳುವುದಿಲ್ಲ.

ಕ್ಯಾರೊಲ್ ತಮ್ಮ ನಂಬಿಕೆ ಬಿಡಲಿಲ್ಲ. ಬಿಡಬೇಕೆಂದು ನಾನೂ ಬಯಸಲಿಲ್ಲ. ಕಾಯುವುದು ಒಳ್ಳೆಯದೇ ಎಂದು ನನಗೂ ಅನ್ನಿಸುತ್ತದೆ. ಕಾಂಡೋಮಿನ ವಿಷಯದಲ್ಲಿ ಮಾತ್ರ ನಾವು ಜಮಖಂಡಿ ಬಸ್‌ಸ್ಟ್ಯಾಂಡಿನವರೆಗೂ ವಾದ ಮಾಡಿದೆವು. ಆರು ತಿಂಗಳ ಮೇಲೆ ಅವರ ಕಾಗದ ಬಂತು. ಆಗ ಅವರು ಬೇರೊಂದು ದೇಶದ ಶಾಲೆಗೆ ಹೋಗಿದ್ದರು. ಈ ಸಲ ಪ್ರೊಜೆಕ್ಟರು, ಕಾರ್ಡುಗಳಿದ್ದ ಪೆಟ್ಟಿಗೆ ತೆರೆಯುವ ಮೊದಲು ಮಕ್ಕಳ ಕೈಗೆ ಖಾಲಿ ಹಾಳೆ ಕೊಟ್ಟು, ನಿಮಗೇನು ಕೇಳಬೇಕಿದೆ ಬರೆಯಿರಿ ಎಂದರಂತೆ. ಪೆಟ್ಟಿಗೆ ತೆರೆಯಲು ಮೂರನೆಯ ದಿನದವರೆಗೂ ಪುರಸೊತ್ತೇ ಆಗಲಿಲ್ಲವಂತೆ.

೨೦೧೨ರಲ್ಲಿ ಕಸ್ತೂರಿಯ ಮದುವೆ ಅದೇ ಹುಡುಗನೊಂದಿಗೆ ಆಯಿತು. ಅಷ್ಟರಲ್ಲಿ ಅವಳ ಪಿಯುಸಿ ಮುಗಿದು, ನರ್ಸಿಂಗ್ ಓದು ನಡೆದಿತ್ತು. ಅಕ್ಷತೆ ಹಾಕಲು ಹೋದ ನನ್ನನ್ನು ಮಾಳಪ್ಪ ಬೀಗರಿಗೆ, “ಮದುವಿ ನಿಲ್ಲಿಸಿದ ಬಾಯಾರು ಇವರ,” ಎಂದು ಹೆಮ್ಮೆಯಿಂದ ಪರಿಚಯ ಮಾಡಿಕೊಟ್ಟರು. ಬೀಗರ ಮುಖ ನೋಡಬೇಕಿತ್ತು.

ಮೂವತ್ತು ವರ್ಷ ಜನರಿಗೆ ಹೇಳುವುದೇ ನನ್ನ ನೌಕರಿಯಾಗಿತ್ತು. ಆದರೆ ನನ್ನ ಕೈಯಿಂದ ನಡೆದ ಒಳ್ಳೆಯ ಕೆಲಸವೆಂದರೆ ಒಬ್ಬ ಹುಡುಗಿ ಕೇಳಿದ್ದನ್ನು ಕಡಿಮೆ ಮಾಡದೆ, ಮೆತ್ತಗೆ ಮಾಡದೆ, ದೊಡ್ಡವರ ಕಿವಿಗೆ ಮುಟ್ಟಿಸಿದ್ದು. ಆರೋಗ್ಯ ಶಿಕ್ಷಣ ಎಂದರೆ ಅಷ್ಟೇ ಎಂದು ಈಗ ಅನ್ನಿಸುತ್ತದೆ.