ವಾಘೋಬಾನ ಜಾಗ, ನಮ್ಮ ಸಮಾಜಮಂದಿರ

ನಮ್ಮಪ್ಪನದು ಒಂದು ಮಾತಿತ್ತು. ಜಗಳ ನೀರಿನ ಸರದಿಗಾದರೂ ಸರಿ, ಗಟಾರದ ದಿಕ್ಕಿಗಾದರೂ ಸರಿ, ಕಡೆಗೆ ಅಲ್ಲಿಗೇ ಬಂದು ನಿಲ್ಲುತ್ತಿದ್ದ: "ಈ ಗುಡ್ಡಕ್ಕ ಮೊದ್ಲ ಬಂದವರು ನಾವು. ಆಗ ಇಲ್ಲಿ ಬರೇ ಜಾಲಿಕಂಟಿ ಇತ್ತು." ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಉಪ್ಪು ಜಾಸ್ತಿಯಾಯಿತೆಂದು ಅವ್ವನ ಜೊತೆ ಜಗಳ ತೆಗೆದರೂ ಈ ಮಾತು ಬರುತ್ತದೇನೋ ಎಂದು ನಾನು ಕಾಯುತ್ತಿದ್ದೆ.

ಅವನದೂ ಪೂರ್ತಿ ತಪ್ಪಲ್ಲ. ನಾವು ಯಾದಗಿರಿ ಕಡೆಯ ಬೇಡರು. ಅಲ್ಲಿನ ಸರ್ಕಾರ ನಮ್ಮನ್ನು ಬುಡಕಟ್ಟಿನವರು, ನೆಲದ ಮೂಲದವರು ಎಂದು ಒಪ್ಪುತ್ತದೆ. ಭೀಮೆ ದಾಟಿ ಪುಣೆಗೆ ಬಂದರೆ ನಾವು ಏನೂ ಅಲ್ಲ, ಬರೀ 'ಕಾನಡಿ' ಗೌಂಡಿಗಳು, ಗಾರೆಕೆಲಸದವರು. ರಸ್ತೆಯಲ್ಲಿ ಯಾರು ಮಾತಾಡಿಸಿದರೂ ಮೊದಲ ಪ್ರಶ್ನೆ, ನಿಮ್ಮ ಮೂಲ ಊರು ಯಾವುದು? ಪುಣೆಯಲ್ಲೇ ಹುಟ್ಟಿದ ನನಗೂ ಅದೇ ಪ್ರಶ್ನೆ. ಹಾಗಾಗಿ ಅಪ್ಪ ತನಗೊಂದು ಮೂಲವನ್ನು ಈ ಗುಡ್ಡದ ಮೇಲೆಯೇ ಮಾಡಿಕೊಂಡಿದ್ದ. ಊರಿನ ಅಂಚಿನ ಗುಡ್ಡ, ಅದರ ಇಳಿಜಾರಿನಲ್ಲಿ ತಗಡಿನ ಮನೆಗಳ ವಸ್ತಿ. ಮೊದಲ ತಗಡು ಹೊದಿಸಿದವನು ತಾನೇ ಎಂಬುದು ಅವನ ಹೆಮ್ಮೆ.

ಈ ಹೆಮ್ಮೆಗೆ ವರ್ಷಕ್ಕೊಂದು ದಿನ ಕಲ್ಲು ಬೀಳುತ್ತಿತ್ತು. ವಸ್ತಿಯ ಮೇಲ್ತುದಿಯಲ್ಲಿ ಒಂದು ಸಪಾಟು ಜಾಗ, ಅಲ್ಲಿ ಮೊಣಕಾಲೆತ್ತರದ ಒಂದು ಕಲ್ಲು, ಅದಕ್ಕೆ ದಪ್ಪಗೆ ಬಳಿದ ಕೇಸರಿ ಶೇಂದೂರ. ದೀಪಾವಳಿಯ ಹೊಸ್ತಿಲಲ್ಲಿ, ವಾಘಬಾರಸದ ದಿನ, ಘಾಟಿನ ಕಡೆಯಿಂದ ಒಂದು ಠಾಕರ ಕುಟುಂಬ ಎಸ್‌ಟಿ ಬಸ್ಸು ಹಿಡಿದು ಬರುತ್ತಿತ್ತು. ಠಾಕರರು ಅಲ್ಲಿನ ಆದಿವಾಸಿಗಳು. ಮುಂದೆ ಒಬ್ಬ ಅಜ್ಜ, ಹಿಂದೆ ಮಗಳು, ಅಳಿಯ, ಮೊಮ್ಮಕ್ಕಳು, ತಲೆಯ ಮೇಲೆ ಹಾಲಿನ ತಂಬಿಗೆ. ಆ ಕಲ್ಲು ಅವರ ವಾಘೋಬಾ, ಹುಲಿದೇವರು. ಅಜ್ಜನ ಅಜ್ಜಂದಿರು ಈ ಗುಡ್ಡದಲ್ಲೇ ದನ ಕಾಯ್ದುಕೊಂಡಿದ್ದರಂತೆ. ಊರು ಬೆಳೆಯುತ್ತ ಬಂದು ಅವರನ್ನು ದಬ್ಬಿತು, ದೇವರು ಮಾತ್ರ ಇಲ್ಲೇ ಉಳಿಯಿತು. ಅವರು ಬರುತ್ತಿದ್ದರು, ಹೊಸ ಹಾಲಿನಲ್ಲಿ ಪಾಯಸ ಮಾಡುತ್ತಿದ್ದರು, ನಮ್ಮ ಮಕ್ಕಳಿಗೂ ಕೊಡುತ್ತಿದ್ದರು, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಆ ದಿನವಿಡೀ ಅಪ್ಪನ ಮುಖ ಗಂಟಿಕ್ಕಿಕೊಂಡಿರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ವಾಘಬಾರಸದಲ್ಲಿ ದೊಡ್ಡ ಫಜೀತಿಯಾಯಿತು. ಅವರಲ್ಲೊಂದು ಪದ್ಧತಿ ಉಂಟು. ಒಬ್ಬ ಹುಲಿಯ ವೇಷ ಹಾಕಿ ಪೊದೆಯ ಹಿಂದೆ ಕೂರಬೇಕು. ಹಿರಿಯನು ಗಟ್ಟಿಯಾಗಿ ಕೇಳಬೇಕು: "ಆಮಚ್ಯಾ ಶಿವಂಲಾ ಯೇಶೀಲ ಕಾ?" ನಮ್ಮ ಸೀಮೆಗೆ ಬರ್ತೀಯಾ? ಹುಲಿ "ಬರೋದಿಲ್ಲ" ಅನ್ನಬೇಕು. ಆಗ ಎಲ್ಲರೂ ಹೋ ಎಂದು ಕೂಗಿ ಅದನ್ನು ಗುಡ್ಡದಾಚೆ ಅಟ್ಟುತ್ತಾರೆ, ದನಕರುಗಳಿಗೆ ಒಂದು ವರ್ಷ ಭಯವಿಲ್ಲ. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಆವತ್ತು ಅಳಿಯ ಮೈಗೆಲ್ಲ ಬೂದಿಯ ಪಟ್ಟೆ ಬಳಿದುಕೊಂಡು, ಕಂಬಳಿ ಹೊದ್ದು ಪೊದೆಯ ಹಿಂದೆ ಕೂತಿದ್ದ. ಅಪ್ಪ ವಿಮಾನ ನಗರದ ಕಟ್ಟಡದ ಕೆಲಸ ಮುಗಿಸಿ, ಗಾರೆ ಮೆತ್ತುವ ಥಾಪಿಯ ಚೀಲ ಹೆಗಲಿಗೇರಿಸಿಕೊಂಡು ಅದೇ ಪೊದೆಯ ಪಕ್ಕದ ಕಾಲುದಾರಿಯಲ್ಲಿ ಬಂದ. ಅವನಿಗೆ ಅಳಿಯ ಕಾಣಲಿಲ್ಲ. ಕಂಡದ್ದು ತನ್ನತ್ತಲೇ ಬೆರಳು ಮಾಡಿ, ಏಕವಚನದಲ್ಲಿ, ನಮ್ಮ ಸೀಮೆಗೆ ಬರ್ತೀಯಾ ಎಂದು ಗದರುವ ಮುದುಕ.

ಅಪ್ಪನಿಗೆ ಬರುತ್ತಿದ್ದದ್ದು ಸಿಮೆಂಟು, ಮರಳಿನ ಮರಾಠಿ. ಆದರೆ ಸಿಟ್ಟಿಗೆ ಅಷ್ಟು ಸಾಕಾಗಿತ್ತು. "ಯೇಣಾರ!" ಎಂದು ಅಬ್ಬರಿಸಿದ. "ರೋಜ್ ಯೇಣಾರ! ಕಾಯ್ ಕರಣಾರ ತೂ?" ಬರ್ತೀನಿ, ದಿನಾ ಬರ್ತೀನಿ, ಏನ್ ಮಾಡ್ತೀಯಾ?

ಠಾಕರರೆಲ್ಲ ಗರಬಡಿದು ನಿಂತರು. ಅಳಿಯ ಕಂಬಳಿಯಿಂದ ತಲೆ ಹೊರಗೆ ಹಾಕಿ "ಬರೋದಿಲ್ಲ, ಬರೋದಿಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿ ನೋಡಿದ. ಅಜ್ಜ ತಲೆಯಾಡಿಸಿದ. ಹುಲಿ ಒಪ್ಪಿಬಿಟ್ಟಿತ್ತು. ವಸ್ತಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಅಜ್ಜ ನಮ್ಮ ಬಾಗಿಲಿಗೆ ಬಂದ. ನಾನು ಕನ್ನಡ ಶಾಲೆಗೆ ಹೋಗುತ್ತಿದ್ದರೂ ಮರಾಠಿ ಬೀದಿಯಲ್ಲೇ ಕಲಿತಿದ್ದೆ, ಹಾಗಾಗಿ ದುಭಾಷಿಯ ಕೆಲಸ ನನ್ನ ತಲೆಗೆ ಬಿತ್ತು. ಅವನು ಕೇಳಿದ್ದು ಇಷ್ಟೇ. ಮಾತು ನಿನ್ನ ಬಾಯಿಂದ ಬಂದಿದೆ, ನೀನೇ ಒಂದು ಸಲ 'ಬರೋದಿಲ್ಲ' ಅಂದುಬಿಡು, ದನಕ್ಕೆ ಒಳ್ಳೆಯದಾಗುತ್ತದೆ.

"ಒಂದ್ ಮಾತು ಅಂದ್ರ ಏನ್ ಹೋಗ್ತದ ನಿಂದು? ಅಂದ್ಬಿಡು," ಎಂದಳು ಅವ್ವ.

"ಏನ್ ಹೋಗ್ತದ? ಜಾಗಾ ಹೋಗ್ತದ! ಇವತ್ತ ನಾ ಬರಾಂಗಿಲ್ಲ ಅಂತೀನಿ, ನಾಳಿ ಕಾರ್ಪೊರೇಷನ್ ಮುಂದ ನಿಂತು 'ಇಂವನs ಬರಾಂಗಿಲ್ಲ ಅಂದಾನ್ರಿ' ಅಂತಾನ ಮುದುಕ. ಸಾಕ್ಷಿಗೆ ನೀವೆಲ್ಲಾ ಇದ್ದs ಇರ್ತೀರಿ."

ಇದನ್ನು ಅಜ್ಜನಿಗೆ ಹೇಗೆ ಅನುವಾದಿಸಲಿ? "ಅಪ್ಪನಿಗೆ ಗಂಟಲು ನೋವು," ಎಂದೆ. ಅಜ್ಜ ನನ್ನನ್ನೂ ಅಪ್ಪನನ್ನೂ ನೋಡಿದ, ಚಹಾ ಕುಡಿದ, ಹೋದ. ಆ ವರ್ಷ ಅವರ ಒಂದು ಕರುವನ್ನು ಚಿರತೆ ಹಿಡಿಯಿತಂತೆ. ಮುಂದಿನ ವಾಘಬಾರಸಕ್ಕೆ ಬಂದಾಗ ಅದನ್ನು ಅಪ್ಪನಿಗೆ ಕೇಳುವಂತೆ ಮೂರು ಸಲ ಹೇಳಿದ. ಅಪ್ಪ ಮೂರು ಸಲವೂ, ಚಿರತೆ ಸಾಕಿದವನು ನಾನಲ್ಲ ಎಂದ. ಅಲ್ಲಿಂದ ಅವರಿಬ್ಬರೂ ವರ್ಷಕ್ಕೊಮ್ಮೆ ಜಗಳ ಆಡಲೆಂದೇ ಭೇಟಿಯಾಗುವಂತೆ ಇರುತ್ತಿತ್ತು. ಬಸ್ಸು ತಡವಾದರೆ ಅಪ್ಪ ಕಾಲುದಾರಿ ನೋಡುತ್ತ ಕೂರುವುದನ್ನೂ ನಾನು ಕಂಡಿದ್ದೇನೆ.

ಎರಡು ಸಾವಿರದ ಇಸವಿಯ ಹೊತ್ತಿಗೆ ಈ ಗುಡ್ಡಕ್ಕೆ ಮೂರನೆಯ ವಾರಸುದಾರರು ಬಂದರು. ಕೆಳಗೆ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಅವುಗಳ ಗೋಡೆ ಕಟ್ಟಿದವರು ನಮ್ಮವರೇ. ಅಲ್ಲಿನ ಜನ ಬಿಳಿ ಬೂಟು ಹಾಕಿಕೊಂಡು ಬೆಳಿಗ್ಗೆ ಗುಡ್ಡ ಹತ್ತಲು ಶುರು ಮಾಡಿದರು, ಒಂದು ಸಮಿತಿ ಮಾಡಿಕೊಂಡರು, 'ನಮ್ಮ ಟೇಕಡಿ ಉಳಿಸಿ' ಎಂದು ಬೋರ್ಡು ಹಾಕಿದರು. ನಿನ್ನೆ ಬಂದವರಿಗೆ ಇವತ್ತು ಗುಡ್ಡ 'ನಮ್ಮದು'! ಯಾರಿಂದ ಉಳಿಸಬೇಕಂತೆ? ನಮ್ಮಿಂದ. ಸಮಿತಿಯ ಒಬ್ಬ ನಡುವಯಸ್ಸಿನ ಹೆಂಗಸು, ಎಲ್ಲರೂ ಕಾಕು ಎನ್ನುತ್ತಿದ್ದವರು, ನಿಂತು ನನ್ನ ಜೊತೆ ಬಹಳ ಪ್ರೀತಿಯಿಂದ ಮಾತಾಡಿ, "ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ದೂರದಲ್ಲಿ ನಿಮಗೆ ಇನ್ನೂ ಚೆನ್ನಾದ ಜಾಗ ಕೊಡಿಸುತ್ತೇವೆ" ಎಂದರು. ನಮ್ಮ ಒಳ್ಳೆಯದು ಏನೆಂದು ನಮ್ಮನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನಾನಾಗ ಕಾಲೇಜಿನಲ್ಲಿದ್ದೆ, ರಕ್ತ ಬಿಸಿಯಿತ್ತು. ಹಳೆಯ ಪ್ಲೈವುಡ್ಡಿನ ಮೇಲೆ ದೊಡ್ಡಕ್ಷರದಲ್ಲಿ ಮರಾಠಿಯಲ್ಲಿ ಬರೆದೆ: ನಮ್ಮನ್ನು ಕೇಳದೆ ನಮ್ಮ ಜಾಗದ ತೀರ್ಮಾನ ಬೇಡ. ಅಪ್ಪ ಅದನ್ನು ವಸ್ತಿಯ ಬಾಯಿಗೇ ನೆಟ್ಟ. ಓದಲು ಬಾರದವರಿಗೆಲ್ಲ ತಾನೇ ಓದಿ ಹೇಳುತ್ತಿದ್ದ. ಅವನಿಗೂ ಓದಲು ಬರುತ್ತಿರಲಿಲ್ಲ.

ಪಾಲಿಕೆಯ ಸಾಹೇಬರು ಸ್ಥಳ ನೋಡಲು ಬಂದ ದಿನ ವಾಘಬಾರಸವೇ ಆಗಬೇಕೆ? ಸಮಿತಿಯವರು ಒಂದು ಕಡೆ, ನಾವು ಒಂದು ಕಡೆ, ಮೇಲೆ ಠಾಕರರು ಪಾಯಸದ ಒಲೆ ಊದುತ್ತಿದ್ದರು. ಸಾಹೇಬರು ಅಜ್ಜನನ್ನು ಕರೆದು, ಇಲ್ಲಿ ಮೊದಲಿಂದ ಇದ್ದವರು ಯಾರು ಎಂದು ಕೇಳಿದರು. ಆ ಮುದುಕ ಅಪ್ಪನತ್ತ ಬೆರಳು ಮಾಡಿ, "ಮೊದಲಿಂದ ಇರುವವರು ನಾವು. ಇವನು ಆಮೇಲೆ ಬಂದ. ಭಾರಿ ಜಗಳಗಂಟ" ಎಂದ. ಅಪ್ಪ ಹಲ್ಲು ಕಡಿದ. ಅಜ್ಜ ಮುಂದುವರಿಸಿದ: "ಆದರೆ ಇರಲಿ ಬಿಡಿ ಸಾಹೇಬ. ಮಕ್ಕಳುಮರಿ ಕಟ್ಟಿಕೊಂಡಿದ್ದಾನೆ. ನಾವು ಜಾಗ ಕೊಟ್ಟಿದ್ದೇವೆ, ನಮ್ಮ ದೇವರೂ ಬೇಡ ಅಂದಿಲ್ಲ."

ಸಾಹೇಬರು ನಕ್ಕರು, ಸಮಿತಿಯ ಕಾಕು ಬೇರೆ ಕಡೆ ನೋಡಿದರು. ಆ ಮಾತಿನಿಂದಲೇ ವಸ್ತಿ ಉಳಿಯಿತು ಎನ್ನಲಾರೆ. ಚುನಾವಣೆ ಹತ್ತಿರವಿತ್ತು, ನಮ್ಮಲ್ಲಿ ಓಟುಗಳಿದ್ದವು. ಆದರೆ ಇಡೀ ಪುಣೆಯಲ್ಲಿ 'ಇವರು ಇಲ್ಲೇ ಇರಲಿ' ಎಂದವನು ಅವನೊಬ್ಬನೇ. ಅದಕ್ಕೆ ನಮ್ಮಪ್ಪನ ಕೃತಜ್ಞತೆ ಕೇಳಿ: "ನನಗ ಜಾಗಾ ಕೊಡಾಕ ಅವನ್ಯಾಂವ?"

ಕೆಲವು ವರ್ಷಗಳಾದ ಮೇಲೆ ವಸ್ತಿ ಅಧಿಕೃತವಾಯಿತು. ಲೈಟು ಬಂತು, ನಳ ಬಂತು, ನಮ್ಮದೇ ಒಂದು ಮಂಡಳಿ, ಅದಕ್ಕೊಬ್ಬ ಅಧ್ಯಕ್ಷ. ನಮ್ಮ ವಾರ್ಡಿನ ನಗರಸೇವಕರು ಸಭೆ-ಸಮಾರಂಭಗಳಿಗೊಂದು ಹಾಲ್, ಅಂದರೆ ಸಮಾಜಮಂದಿರ, ಮಂಜೂರು ಮಾಡಿಸಿಕೊಟ್ಟರು. ಎಲ್ಲಿ ಕಟ್ಟುವುದು ಎಂದು ಸಭೆ ಸೇರಿತು. ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಕೊನೆಗೂ ನಮ್ಮ ಜಾಗದ ತೀರ್ಮಾನ ನಾವೇ ಮಾಡುತ್ತಿದ್ದೇವೆ ಎಂದು ಕಣ್ಣಲ್ಲಿ ನೀರು ಬಂದಿತ್ತು. ಅಧ್ಯಕ್ಷ ಎದ್ದು, ಸಪಾಟು ಇರುವುದು ಮೇಲಿನ ಆ ಕಲ್ಲಿನ ಜಾಗವೊಂದೇ ಎಂದ. ಎಲ್ಲರೂ ಹೌದ್ರಿ ಹೌದ್ರಿ ಎಂದರು.

"ಅಜ್ಜನನ್ನ ಒಂದ್ ಮಾತು ಕೇಳ್ರಿ," ಎಂದೆ.

"ವರ್ಷಕ್ಕೊಂದ್ ದಿನ ಬರೋರಿಗೆ ಏನ್ ಕೇಳೂದವಾ?" ಎಂದ ಅಧ್ಯಕ್ಷ. "ದೇವರನ್ನೇನು ನಾವು ಕಿತ್ತು ಒಗಿಯಾಂಗಿಲ್ಲ. ಛಂದ ಮಾಡಿ ಕೊಡ್ತೀವಿ. ಅವ್ರ ಒಳ್ಳೇದಕ್ಕs ಮಾಡೂದು."

ನನ್ನ ಮೈ ಉರಿಯಿತು. ನಮ್ಮ ಬೋರ್ಡು ಮರೆತಿರೇನು ಎಂದು ಕೂಗಾಡಿದೆ. ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿ, "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ" ಎಂದು ನಕ್ಕಳು. ಕಾಲೇಜು ಕಲಿತ ಹುಡುಗಿಗೆ ಮಾತು ಜಾಸ್ತಿ ಎಂದು ಯಾರೋ ಹೇಳಿದರು, ಸಭೆ ಮುಗಿಯಿತು. ಅಪ್ಪ ಒಂದು ಮಾತೂ ಆಡಿರಲಿಲ್ಲ.

ಕಟ್ಟಿದವನು ಅಪ್ಪನೇ. ಮಂದಿರದ ಹಿಂಗೋಡೆಗೆ ಹೊಂದಿಸಿ ಕಲ್ಲಿಗೊಂದು ಗೂಡು ಮಾಡಿದ, ಒಳಗೆಲ್ಲ ನೀಲಿ ಹೂವಿನ ಬಚ್ಚಲಮನೆ ಟೈಲ್ಸು ಕೂರಿಸಿದ. ಒಂದು ಸಂದೂ ಕಾಣದಂಥ ಕೆಲಸ. ನಾಯಿ ಬರುತ್ತವೆಂದು ಮುಂದೆ ಕಬ್ಬಿಣದ ಜಾಲರಿ, ಕುಡುಕರು ಬರುತ್ತಾರೆಂದು ಜಾಲರಿಗೆ ಬೀಗ. ಕೀಲಿ ಅಧ್ಯಕ್ಷನ ಹತ್ತಿರ.

ಆ ಸಲದ ವಾಘಬಾರಸಕ್ಕೆ ಅವರು ಬಂದಾಗ ಅಧ್ಯಕ್ಷ ಸಾಸವಡದ ಬೀಗರ ಮನೆಗೆ ಹೋಗಿದ್ದ. ಅಜ್ಜ ಮಂದಿರದ ಸುತ್ತ ಒಂದು ಸುತ್ತು ಹಾಕಿದ. ಜಾಲರಿ ಹಿಡಿದು ಒಳಗೆ ನೋಡಿದ. ಅದರ ತೂತಿನಿಂದ ಬೆರಳು ತೂರಿಸಿದ, ಕಲ್ಲು ಸಿಗಲಿಲ್ಲ. ಒಲೆ ಹೂಡಲು ಜಾಗವಿರಲಿಲ್ಲ, ಅಳಿಯ ಅಡಗಲು ಪೊದೆಯೂ ಇರಲಿಲ್ಲ. ಉಪಾಧ್ಯಕ್ಷ ಉದಾರನಾಗಿ, ಮುಂದಿನ ಸಲ ಮೊದಲೇ ತಿಳಿಸಿದರೆ ಬೀಗ ತೆಗೆದಿಡುತ್ತೇವೆ, ಹಾಲ್‌ಗೆ ಬಾಡಿಗೆಯೂ ಬೇಡ ಎಂದ. ಮಗಳು ಹಾಲನ್ನು ಜಾಲರಿಯ ಹೊರಗೇ ಮೆಟ್ಟಿಲಿಗೆ ಸುರಿದಳು.

ಅಜ್ಜ ಅಪ್ಪನ ಮುಂದೆ ಬಂದು ನಿಂತ. ಬೈಯಲಿ, ಆ ಕರುವಿನ ಕಥೆಯನ್ನಾದರೂ ತೆಗೆಯಲಿ ಎಂದು ನಾನು ಕಾದೆ. ಅವನು ಕೇಳಿದ್ದು, "ಯಾರಿಗೆ ಹೇಳಬೇಕಿತ್ತು ನಾನು, ಇದು ಬೇಡ ಅಂತ?" ಚಹಾ ಕುಡಿದು ಹೋಗಿ ಎಂದಳು ಅವ್ವ. ಬಸ್ಸಿಗೆ ಹೊತ್ತಾಗುತ್ತದೆ ಎಂದ ಅಜ್ಜ. ಬಸ್ಸಿಗೆ ಇನ್ನೂ ಅರ್ಧ ದಿನವಿತ್ತು.

ಮರುವರ್ಷ ಅವರು ಬರಲಿಲ್ಲ. ಅದರ ಮರುವರ್ಷವೂ ಇಲ್ಲ. ಆ ವಾಘಬಾರಸದ ಸಂಜೆ ಅಪ್ಪ ಮಂದಿರದ ಮೆಟ್ಟಿಲ ಮೇಲೆ ಕೂತು ಕಾಲುದಾರಿ ನೋಡುತ್ತಿದ್ದ. ಒಳಗೆ ಯಾರದೋ ಹುಟ್ಟುಹಬ್ಬಕ್ಕೆ ಬಲೂನು ಕಟ್ಟುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಇಡೀ ಊರು ನಮ್ಮನ್ನ ಕೇಳ್ಲಿಲ್ಲ ಅಂತ ಜೀವನಪೂರ್ತಿ ಒದರಿದಿ, ಆ ಮುದುಕನ ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ರೇಗಿದೆ. ಜಗಳಕ್ಕೆ ನಿಲ್ಲುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಕಡೆ ತಿರುಗಲೂ ಇಲ್ಲ.

"ಕೇಳಿದ್ರ," ಎಂದ ಅಪ್ಪ, "ಅಂವ ಬ್ಯಾಡ ಅಂತಿದ್ದ."