ಗಂಗೂನ ಜಂಪರ್ ತೊಟ್ಟವಳು

ಮಧ್ಯಾಹ್ನ ಊಟವಾದ ಮೇಲೆ ನಾನು ಸತ್ತವರ ಜೊತೆ ಕೂತಿರುತ್ತೇನೆ. ಗಾಬರಿಯಾಗಬೇಡಿ, ನವನಗರದ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿಯ ಮುಂದೆ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನಗೆ ಹತ್ತಿದ ಚಟ ಇದೊಂದೇ: ಹಳೆಯ ಕಪ್ಪು-ಬಿಳುಪು ಸಿನಿಮಾ. ಬಿಸಿಲು ಬಿದ್ದರೆ ಏನೂ ಕಾಣದೆಂದು ಕಿಟಕಿಗೆಲ್ಲ ಚಾದರ ಕಟ್ಟಿ, ಫ್ಯಾನ್ ಹಚ್ಚಿ, ಕಾಲು ಚಾಚಿದೆನೆಂದರೆ ಮುಗಿಯಿತು. ಮನೆಗೆ ಬಂದವರು “ಮಾಸ್ತರು ಮಲಗ್ಯಾರೇನ್ರಿ?” ಎಂದು ಕೇಳಿದರೆ ನನ್ನ ಹೆಂಡತಿ ಶಾರದಾ, “ಇಲ್ಲರಿ, ಸತ್ತವರ ಲಗ್ನಕ್ಕ ಹೋಗ್ಯಾರ” ಎನ್ನುತ್ತಾಳೆ.

ಅವಳ ಮಾತಿನಲ್ಲಿ ಸುಳ್ಳೇನಿಲ್ಲ. ಆ ಚಿತ್ರಗಳ ನಾಯಕ ಹೋದ, ನಾಯಕಿ ಹೋದಳು, ಅವರಿಬ್ಬರ ನಡುವೆ ಅಡ್ಡಗಾಲು ಹಾಕಿದ ಖಳನೂ ಹೋದ. ಟಾಂಗಾದ ಕುದುರೆ ಹೋಗಿ ಯಾವ ಕಾಲವಾಯಿತೋ! ಆದರೂ ನಾನು ಗುಂಡಿ ಒತ್ತಿದ ಕೂಡಲೇ ಎಲ್ಲರೂ ಎದ್ದು, ತಲೆ ಬಾಚಿ, ಪೌಡರ್ ಬಳಿದುಕೊಂಡು ಹಾಡಲು ಸಿದ್ಧರಾಗುತ್ತಾರೆ. ಇಷ್ಟು ವಿಧೇಯ ವಿದ್ಯಾರ್ಥಿಗಳು ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಒಬ್ಬರೂ ಸಿಗಲಿಲ್ಲ.

ಕಥೆಗಿಂತ ನನಗೆ ಅವರ ಉಡುಪಿನ ಮೇಲೆ ಮೋಹ. ಉಬ್ಬು ತೋಳಿನ ಕುಪ್ಪಸ, ರಿಬ್ಬನ್ ಕಟ್ಟಿದ ಎರಡು ಜಡೆ, ಕಿವಿಯ ತನಕ ಎಳೆದ ಕಾಡಿಗೆ, ನಾಯಕನ ಎದೆಯ ಹತ್ತಿರ ಶುರುವಾಗುವ ಪ್ಯಾಂಟು. ಮಲಗಿದ್ದಾಗಲೂ ಬೂಟು ಬಿಚ್ಚದ ಜನ ಅವರು! ಒಮ್ಮೆ ಈ ಮೋಹ ನೆತ್ತಿಗೇರಿ ಧಾರವಾಡದ ನಮ್ಮ ದರ್ಜಿ ದಾದಾಪೀರನ ಹತ್ತಿರ ಹೋಗಿ ಅಂಥದೇ ಪ್ಯಾಂಟು ಹೊಲಿದುಕೊಡು ಎಂದೆ. ಅವನು ನನ್ನ ಹೊಟ್ಟೆಯನ್ನು ಬಹಳ ಹೊತ್ತು ನೋಡಿ, “ಸರ, ಆ ಹೀರೋಗ ನಡಾ ಇತ್ತರಿ. ನಿಮಗ ಪ್ಯಾಂಟು ಎಲ್ಲಿ ನಿಲ್ಲಸಲಿ ಹೇಳ್ರಿ” ಎಂದ. ಮುಂದಿನದನ್ನು ನಾನು ಬರೆಯುವುದಿಲ್ಲ.

ವಿಜ್ಞಾನದ ಮಾಸ್ತರನಾದ್ದರಿಂದ ಒಂದು ಸಣ್ಣ ಪಾಠ ಮಾಡದೆ ಬಿಡಲಾರೆ. ಅಪ್ಪಟ ಬಿಳಿ ಬಟ್ಟೆ ಆ ಕಾಲದ ಕ್ಯಾಮೆರಾದಲ್ಲಿ ಕಣ್ಣು ಕುಕ್ಕುತ್ತಿತ್ತಂತೆ. ಅದಕ್ಕೆ ಬಿಳಿಯಾಗಿ ಕಾಣಬೇಕಾದ ಸೀರೆಯನ್ನು ನಸುಹಳದಿ ನೀರಿನಲ್ಲಿ ಅದ್ದಿ ಉಡಿಸುತ್ತಿದ್ದರಂತೆ. ಅಂದರೆ ಚಿಕ್ಕವನಿದ್ದಾಗ ನನ್ನ ಚಡ್ಡಿ ಒದ್ದೆ ಮಾಡಿಸಿದ ಬಿಳಿ ಸೀರೆಯ ದೆವ್ವ ನಿಜಕ್ಕೂ ಅರಿಸಿನದ ಸೀರೆ ಉಟ್ಟಿತ್ತು. ಇದನ್ನು ತಿಳಿದ ದಿನ ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಮತ್ತಷ್ಟು ಭಯವಾಯಿತು. ಪರದೆಯ ಮೇಲೆ ಕಾಣುವುದೊಂದು, ಅದರ ಹಿಂದೆ ಇದ್ದುದು ಇನ್ನೊಂದು ಎಂದಾದರೆ ಯಾವುದನ್ನು ನಂಬಬೇಕು?

ಹೋದ ವರ್ಷ ಶ್ರಾವಣದ ಒಂದು ಮಧ್ಯಾಹ್ನ ಈ ಪ್ರಶ್ನೆ ನಮ್ಮ ಮನೆಯ ಒಳಗೇ ಬಂದು ಕೂತಿತು.

ಅಂದು ನಾನು ನೋಡುತ್ತಿದ್ದ ಚಿತ್ರದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ. ಎಂಬತ್ತು ದಾಟಿದ ನನ್ನ ಅವ್ವ ಪಕ್ಕದಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಅವಳಿಗೆ ಸಿನಿಮಾ ಬೇಕಿಲ್ಲ, ಫ್ಯಾನಿನ ಗಾಳಿ ಬೇಕು. ಪರದೆಯ ಮೇಲೆ ನಾಯಕ ಚಕ್ಕಡಿ ಹತ್ತಿ ಊರು ಬಿಡುತ್ತಿದ್ದ, ಊರಿನವರು ನಿಂತು ಕೈ ಬೀಸುತ್ತಿದ್ದರು. ಅವ್ವ ಫಕ್ಕನೆ ನನ್ನ ತೊಡೆಗೆ ಬಡಿದಳು.

“ನಿಲ್ಲಸೋ. ಹಿಂದಕ ಒಯ್ಯಿ.”

ಹಿಂದಕ್ಕೆ ಒಯ್ದೆ. ಗುಂಪಿನ ಅಂಚಿನಲ್ಲಿ ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಒಬ್ಬ ಹುಡುಗಿ. ನಾಲ್ಕು ಸೆಕೆಂಡು ಮಾತ್ರ ಇದ್ದಾಳೆ. ಎಲ್ಲರೂ ಚಕ್ಕಡಿಯತ್ತ ನೋಡುತ್ತಿದ್ದರೆ ಇವಳೊಬ್ಬಳು, ಎಕ್ಸ್‌ಟ್ರಾಗಳು ಮಾಡಬಾರದ ತಪ್ಪು ಮಾಡಿ, ನೇರ ಕ್ಯಾಮೆರಾದೊಳಗೆ, ಅಂದರೆ ನಮ್ಮ ಹಾಲ್‌ನೊಳಗೆ ನೋಡುತ್ತಿದ್ದಾಳೆ. ಎಡಗೈ ಎತ್ತಿದಾಗ ಕುಪ್ಪಸದ ಕಂಕುಳಲ್ಲಿ ಚೌಕುಳಿ ಬಟ್ಟೆಯ ಒಂದು ತೇಪೆ ಕಾಣುತ್ತದೆ.

“ಅದು ನಮ್ಮ ಗಂಗೂನ ಜಂಪರ್” ಎಂದಳು ಅವ್ವ. “ಹೊಲದಾಕಿನ ನಾನು. ಅರಿವಿ ಕಡಿಮಿ ಬಿತ್ತಂತ ಅಪ್ಪನ ಹಳೇ ಲುಂಗಿದು ತುಂಡು ಹಚ್ಚಿದ್ದೆ.”

ಗಂಗೂ ಎಂದರೆ ಅವ್ವನ ತಂಗಿ. ಅವರ ತವರೂರು ಗರಗದಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಜ್ವರ ಬಂದು ತೀರಿಕೊಂಡವಳು. ನಾನು ಹುಟ್ಟುವುದಕ್ಕಿಂತ ಮೊದಲಿನ ಮಾತು. ಮನೆಯಲ್ಲಿ ಅವಳ ಹೆಸರಿದೆ, ಫೋಟೋ ಇಲ್ಲ. ಏಕಿಲ್ಲ ಎಂಬುದನ್ನು ಅವ್ವ ಅಂದು ಮೊದಲ ಸಲ ಹೇಳಿದಳು. ಊರಿಗೆ ಒಬ್ಬ ಫೋಟೋದವನು ಬಂದಿದ್ದ. ಅಕ್ಕ ಹೊಲಿದುಕೊಟ್ಟ ಹೊಸ ಖಾದಿ ಜಂಪರ್ ತೊಟ್ಟು, ಹೂ ಮುಡಿದು, ಗಂಗೂ ಗೋಡೆಗೆ ಕಟ್ಟಿದ ಪರದೆಯ ಮುಂದೆ ಹೋಗಿ ನಿಂತಿದ್ದಳು. ಲಗ್ನವಾಗದ ಹುಡುಗಿಯ ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಗಿನ ನಂಬಿಕೆ. ಅವ್ವ ಓಡಿಹೋಗಿ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಂದಳಂತೆ. ಮೂರು ತಿಂಗಳಿಗೆ ಗಂಗೂ ಹೋದಳು.

“ಅಳತಿದ್ಳೋ. ಒಂದ ಫೋಟೋ ಅಕ್ಕಾ, ಒಂದ ಅಂತಿದ್ಳು” ಎಂದಳು ಅವ್ವ. ಸೊಪ್ಪಿನ ಬುಟ್ಟಿ ಮಗುಚಿ ಬಿದ್ದಿತ್ತು, ಇಬ್ಬರೂ ಎತ್ತಲಿಲ್ಲ.

ಮಾರನೆಯ ದಿನ ಆ ದೃಶ್ಯವನ್ನು ಮೊಬೈಲಿಗೆ ಹಾಕಿಕೊಂಡು ದಾದಾಪೀರನ ಹತ್ತಿರ ಹೋದೆ. ಸತ್ತವಳ ಕುಪ್ಪಸ ಸಿನಿಮಾಕ್ಕೆ ಹೇಗೆ ಹೋಯಿತು ಎಂಬುದೇ ನನ್ನ ತಲೆ ತಿನ್ನುತ್ತಿತ್ತು. ಅವನ ಅಪ್ಪ ಒಂದು ನಾಟಕ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದವನು. “ಹೊಸಾ ಅರಿವಿ ರಾಜಾ-ರಾಣಿಗೆ ಅಷ್ಟ ಸರ” ಎಂದ ದಾದಾಪೀರ. “ಉಳದವ್ರಿಗೆಲ್ಲಾ ಭಾಂಡೆ ಮಾರಾಕಿ ಕಡಿಂದ ತಗೋತಿದ್ರು. ಸಿನಿಮಾದವ್ರು ಕರದ್ರ ಕಂಪನಿ ಮಂದಿ ಅರಿವಿ ಪೆಟಗಿ ಸಮೇತ ಹೋಗ್ತಿದ್ರಂತ.”

ಹಳೆಯ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವ ಹೆಂಗಸು ನಮ್ಮ ಕಡೆ ಇಂದಿಗೂ ಓಣಿಗೆ ಬರುತ್ತಾಳೆ. ಗಂಗೂ ಸತ್ತ ಮೇಲೆ ಅವಳ ಬಟ್ಟೆಯನ್ನೆಲ್ಲ ಕೊಟ್ಟು ಅವ್ವನ ತಾಯಿ ಒಂದು ಹಿತ್ತಾಳೆಯ ತಂಬಿಗೆ ತೆಗೆದುಕೊಂಡಿದ್ದಳು. ಅದು ಅವ್ವನ ಜೊತೆ ನಮ್ಮ ಮನೆಗೆ ಬಂದಿದೆ, ನಾವು ದಿನಾ ಅದರಲ್ಲೇ ನೀರು ಕುಡಿಯುತ್ತೇವೆ.

“ಹಂಗಾರ ಇದು ಅದ ಜಂಪರೇನೋ?” ಎಂದೆ.

“ನನಗ ಕಂಕುಳಾಗ ಒಂದು ತುಂಡು ಕಾಣಸ್ತದರಿ, ಅಷ್ಟ. ಇಂಥಾವು ಊರ ತುಂಬ ಇದ್ದೂ. ಆದ್ರ ಹೊಲದಾವ್ರು ತಮ್ಮ ಕೈ ಮರಿಯೂದಿಲ್ಲ ಸರ.”

ಅಂದಿನಿಂದ ನಮ್ಮ ಮನೆಯ ಮಧ್ಯಾಹ್ನಗಳ ಒಡೆತನ ನನ್ನ ಕೈಯಿಂದ ಹೋಯಿತು. ಊಟವಾದ ಕೂಡಲೇ ಅವ್ವ ತಲೆ ಬಾಚಿಕೊಂಡು ಬಂದು ಕೂಡುತ್ತಿದ್ದಳು. ಆ ನಾಲ್ಕು ಸೆಕೆಂಡು ಹಾಕಬೇಕು, ತಿರುಗಿ ಹಾಕಬೇಕು. ನಾನು ಬಟ್ಟೆ ನೋಡುವವನು ಬಟ್ಟೆ ನೋಡುವುದನ್ನೇ ಬಿಟ್ಟೆ. ಆ ಕಣ್ಣುಗಳು ಬಿಡುತ್ತಿರಲಿಲ್ಲ. ನಿಲ್ಲಿಸಿದ ಚಿತ್ರ ನಿಂತೇ ಇರಬೇಕಲ್ಲ? ಒಂದೆರಡು ಸಲ ನಾನು ನೀರು ಕುಡಿದು ಬರುವಷ್ಟರಲ್ಲಿ ಅವಳ ಕೈ ಸ್ವಲ್ಪ ಕೆಳಗಿಳಿದಂತೆ ಕಂಡಿತು. ಕನ್ನಡಕದ ನಂಬರು ಬದಲಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಂಬರು ಬದಲಾಗಿರಲಿಲ್ಲ.

ಭಾದ್ರಪದ ಬಂತು. ಪಿತೃಪಕ್ಷದಲ್ಲಿ ನಮ್ಮಲ್ಲಿ ಹಿರಿಯರ ಹಬ್ಬ: ಸತ್ತವರ ಫೋಟೋಗಳನ್ನು ಸಾಲಾಗಿ ಇಟ್ಟು, ಹೊಸ ಬಟ್ಟೆ ಇಟ್ಟು, ಎಡೆ ಹಿಡಿಯುವುದು. ತವರಿನಲ್ಲಿ ಮಾಡುವವರು ಯಾರೂ ಉಳಿಯದ ಮೇಲೆ ಅವ್ವ ಗಂಗೂನನ್ನೂ ನಮ್ಮ ಮನೆಗೆ ಕರೆದುಕೊಂಡಿದ್ದಳು. ಫೋಟೋ ಇಲ್ಲದ್ದರಿಂದ ಪ್ರತಿ ವರ್ಷ ಆ ಜಾಗದಲ್ಲಿ ಕುಪ್ಪಸದ ಒಂದು ಖಣ ಇಡುತ್ತಿದ್ದೆವು. ಈ ಸಲ ಅವ್ವ, “ಅಕಿ ಫೋಟೋ ಮಾಡಿಸಿ ಚೌಕಟ್ಟ ಹಾಕಿಸ್ಕೊಂಡು ಬಾ” ಎಂದಳು.

ಶಾರದಾ ನನ್ನನ್ನು ಅಡುಗೆಮನೆಗೆ ಎಳೆದಳು. “ನಿಮಗೇನರ ತಿಳಿತದೋ ಇಲ್ಲೋ? ಜಂಪರ್ ಗಂಗೂಂದ ಇರವಲ್ದ್ಯಾಕ, ಮುಖಾ ಯಾರದೋ. ಆ ಹುಡುಗಿ ಇನ್ನೂ ಜೀವಂತ ಇದ್ರ? ಇದ್ದಾಕಿಗೆ ಎಡಿ ಹಿಡದು ಅಕಿಗೆ ಏನರ ಆದ್ರ?”

ನಾನು ಲೆಕ್ಕ ಹಾಕಿದೆ. ಆ ಹುಡುಗಿ ಇದ್ದರೆ ಈಗ ಹೆಚ್ಚುಕಡಿಮೆ ಅವ್ವನಷ್ಟೇ ವಯಸ್ಸು. ಹುಬ್ಬಳ್ಳಿಯ ಯಾವುದೋ ಓಣಿಯಲ್ಲಿ ಮೊಮ್ಮಕ್ಕಳ ನಡುವೆ ಕೂತಿರಬಹುದು. ಅವಳ ಫೋಟೋದ ಮುಂದೆ ನಾವು ಊದಿನಕಡ್ಡಿ ಹಚ್ಚಿದ ಗಳಿಗೆಯಲ್ಲಿ ಅಲ್ಲಿ ಅವಳಿಗೆ ಬಿಕ್ಕಳಿಕೆ ಬಂದರೆ? ವಿಜ್ಞಾನದ ಮಾಸ್ತರ ಹೀಗೆ ಯೋಚಿಸಬಾರದು ನಿಜ. ಆದರೆ ಯೋಚಿಸಿದೆ, ಹೆದರಿದೆ ಕೂಡ.

ಧೈರ್ಯ ಮಾಡಿ ಅವ್ವನ ಹತ್ತಿರ ಕೂತೆ. “ಅವ್ವಾ, ಅಕಿ ಗಂಗೂ ಚಿಗವ್ವ ಅಲ್ಲ” ಎಂದೆ.

“ನನಗ ಗೊತ್ತಿಲ್ಲೇನಪಾ?” ಎಂದಳು ಅವ್ವ, ಸಿಟ್ಟಿಲ್ಲದೆ. “ಗಂಗೂ ಸತ್ತ ಮ್ಯಾಲ ತಗದ ಸಿನಿಮಾ ಅದು. ಖರೇ ಹೇಳ್ಲೇನು? ನನಗ ಗಂಗೂನ ಮುಖಾನ ನೆನಪಿಲ್ಲೋ. ಹೊಲಿಗಿ ನೆನಪೈತಿ, ಅಳೂದು ನೆನಪೈತಿ, ಮುಖಾ ಹೋಗಿಬಿಟ್ಟೈತಿ. ಇಕಿ ಅಕಿ ಜಂಪರ್ ಹಾಕ್ಕೊಂಡು ಫೋಟೋಕ್ಕ ನಿಂತಾಳ. ನಾ ಗಂಗೂನ ಎಳಕೊಂಡು ಬಂದ ಜಾಗಾಕ್ಕ ಹೋಗಿ ನಿಂತಾಳ. ನಿಂದರಲಿ ಬಿಡು.”

ನಾನು ಹೋಗಿ ಫೋಟೋ ಮಾಡಿಸಿಕೊಂಡು ಬಂದೆ.

ಹಬ್ಬದ ದಿನ ಅಜ್ಜ, ಅಜ್ಜಿ, ಅಪ್ಪ, ಕಡೆಯಲ್ಲಿ ಆ ಹುಡುಗಿ. ಉಳಿದವರೆಲ್ಲ ಸತ್ತವರ ಹಾಗೆ ಎಲ್ಲೋ ನೋಡುತ್ತಿದ್ದರು, ಅವಳು ಮಾತ್ರ ನಮ್ಮನ್ನು ನೋಡುತ್ತಿದ್ದಳು. ಎಲ್ಲರ ಮುಂದೆ ಹೋಳಿಗೆ, ಕಡುಬು, ಭಜಿ. ಕಾಯಿ ಒಡೆದಾದ ಮೇಲೆ ನಮ್ಮ ಪದ್ಧತಿಯೊಂದಿದೆ: ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕು, ಹಿರಿಯರು ಬಂದು ಉಂಡುಹೋಗುತ್ತಾರೆ. ಆಮೇಲೆ ಮನೆಯ ಯಜಮಾನ ಒಮ್ಮೆ ಕೆಮ್ಮಿ, ಅವರಿಗೆ ಸೂಚನೆ ಕೊಟ್ಟು, ಒಳಗೆ ಹೋಗಬೇಕು.

ನಾನು ಬಾಗಿಲು ಎಳೆದುಕೊಳ್ಳುತ್ತಿದ್ದಾಗ ಅವ್ವ ನನ್ನ ಕೈ ಹಿಡಿದಳು.

“ಪೂರ್ತಿ ಹಾಕಬ್ಯಾಡ. ಸತ್ತವರಿಗೆ ಬಾಗಲಾ ಅಡ್ಡ ಬರೂದಿಲ್ಲ. ಅಕಿ ಇನ್ನೂ ಬದುಕಿದ್ರ ಹೆಂಗ ಒಳಗ ಹೋಗಬೇಕು?”

ನಾಲ್ಕು ಬೆರಳಿನಷ್ಟು ಸಂದು ಬಿಟ್ಟೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಮೂವರೂ ಕಟ್ಟೆಯ ಮೇಲೆ ನಿಂತೆವು. ಆ ಸಂದಿನ ಕಡೆ ಯಾರೂ ನೋಡಲಿಲ್ಲ. ಶಾರದಾ ನನ್ನ ಅಂಗಿಯ ತುದಿ ಹಿಡಿದಿದ್ದಳು. ಒಳಗೆ ತಾಟು ಸರಿದ ಸಪ್ಪಳವಾಯಿತೋ, ಆದಂತೆ ಅನ್ನಿಸಿತೋ, ನಾನು ಆಣೆ ಮಾಡಿ ಹೇಳಲಾರೆ. ಅವ್ವನ ಮುಖ ಮಾತ್ರ ಹಗುರಾಗಿತ್ತು. ಹೊತ್ತಾದ ಮೇಲೆ ಒಳಗೆ ಹೋಗುವಾಗ ನಾನು ಎರಡು ಸಲ ಕೆಮ್ಮಿದೆ, ಹೋದವರಿಗೊಮ್ಮೆ, ಇದ್ದವಳಿಗೊಮ್ಮೆ.