ಸೂಜಿ ಹಾಕಿದ ಬೀಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಸೂತಿ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ ಮೇಜಿನ ದೀಪವೊಂದೇ ಉರಿಯುತ್ತಿದೆ. ಅದರಡಿ ಕುಳಿತ ಹೆಂಗಸು ಹಳೆಯ ಫ್ಲಾಪಿಯೊಂದರ ಪ್ಲಾಸ್ಟಿಕ್ ಕವಚವನ್ನು ಬ್ಲೇಡಿನಿಂದ ಬಿಡಿಸುತ್ತಿದ್ದಾರೆ. ಒಳಗಿನಿಂದ ಹೊರಬಂದ ಕಂದು ಬಣ್ಣದ ತೆಳು ತಟ್ಟೆಯ ಮೇಲೆ ಬಿಳಿ ಬೂಷ್ಟು ಹಬ್ಬಿದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅದನ್ನು ನಡುವಿನಿಂದ ಅಂಚಿನ ಕಡೆಗೆ ಒರೆಸುತ್ತಾರೆ. ಉಸಿರು ಬಿಗಿಹಿಡಿದಿರುವುದು ಭುಜ ನೋಡಿದರೇ ಗೊತ್ತಾಗುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಮುಂದಿನ ಹಾಲಿನಲ್ಲಿ ಯಂತ್ರಗಳು ಶುರುವಾದರೆ ನೆಲವೆಲ್ಲ ನಡುಗುತ್ತದೆ, ಅಷ್ಟರೊಳಗೆ ಇದು ಮುಗಿಯಬೇಕು.

"ಈಗ ಮಾತಾಡಿಸ್ಬೇಡಿ," ಎನ್ನುತ್ತಾರೆ ತಲೆ ಎತ್ತದೆ, ಮಾತಾಡಿಸಲು ಬಂದ ವರದಿಗಾರರಿಗೆ. "ಒರೆಸಿ ಆದ್ಮೇಲೆ ಏನ್ ಬೇಕಾದ್ರೂ ಕೇಳಿ. ಕೈ ಒಂಚೂರು ಜಾರಿದ್ರೆ ಇದರೊಳಗಿನ ಹೂವೆಲ್ಲ ಹೋಯ್ತು."

ಹೂವು ಎಂದರೆ ಕಸೂತಿಯ ಹೂವು. ಇಲ್ಲಿನ ಯಂತ್ರಗಳು ಮುದಿಯಾಗಿವೆ. ಯಾವ ದಾರ, ಎಲ್ಲಿ ಹೊಲಿಗೆ ಎಂಬುದನ್ನೆಲ್ಲ ಇವತ್ತಿಗೂ ಫ್ಲಾಪಿಯಿಂದಲೇ ಓದಿಕೊಳ್ಳುತ್ತವೆ. ಅವನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ. ಹೋಗುವವರು ಸುಮ್ಮನೆ ಹೋದರೇ? ಒಂದೊಂದು ಫ್ಲಾಪಿಗೂ ನಕಲು ಮಾಡಲಾಗದಂತೆ ಬೀಗ ಜಡಿದು ಹೋದರು. ಬೂಷ್ಟು ತೊಳೆದು, ಉಳಿದಿದ್ದನ್ನು ಓದಿಸಿ, ಬೀಗ ಒಡೆದು, ಹೊಸ ಫ್ಲಾಪಿಗೆ ಇಳಿಸಿಕೊಡುವುದು ಈಕೆಯ ಕೆಲಸ. ಅಂಗಡಿಯಲ್ಲಿ ನಿಂತು ಬಟ್ಟೆಯ ಮೇಲಿನ ಹೂವು ಸವರಿ, ಚೆನ್ನಾಗಿದೆ ಎನ್ನುವವರಿಗೆ ಇಂಥವರೊಬ್ಬರು ಇದ್ದಾರೆಂದು ತಿಳಿಯುವ ದಾರಿಯೇ ಇಲ್ಲ.

ಕಾರ್ಖಾನೆಯ ಮೇಸ್ತ್ರಿಗೆ ಮಾತ್ರ ಚೆನ್ನಾಗಿ ಗೊತ್ತು. "ಫ್ಲಾಪಿ ಅಕ್ಕ ಒಂದಿನ ಬರ್ಲಿಲ್ಲ ಅಂದ್ರೆ ನಮ್ಮ ಕೈ ಕಟ್ಟಿಹಾಕಿದ ಹಾಗೆ. ಕಂಪನಿಯವ್ರನ್ನ ಕೇಳೋಣ ಅಂದ್ರೆ ಕಂಪನಿನೇ ಇಲ್ವಲ್ಲ."

ಅಕ್ಕನಿಗೆ ಇನ್ನೊಂದು ಹೆಸರೂ ಇದೆ: ಸೂಜಿ. ಅದನ್ನಿಟ್ಟವರು ಹರೆಯದ ದಿನಗಳ ಗೆಳೆಯರು. ಮನೆಗೆ ಕಂಪ್ಯೂಟರ್ ಬಂದದ್ದು ಅಣ್ಣನ ಓದಿಗೆಂದು. ಅಣ್ಣ ಆಟದ ಫ್ಲಾಪಿಯನ್ನು ಯಾರ ಕೈಗೂ ಸಿಗದಂತೆ ಬಚ್ಚಿಡುತ್ತಿದ್ದರು, ಹೇಗೋ ಕೈಗೆ ಸಿಕ್ಕಾಗ ನಕಲು ಮಾಡಿಕೊಳ್ಳೋಣವೆಂದರೆ ಬೀಗ. ಹಠಕ್ಕೆ ಬಿದ್ದ ತಂಗಿ ಊಟ ತಿಂಡಿ ಬಿಟ್ಟು ಕೂತು ಆ ಬೀಗವನ್ನು ಒಡೆದೇಬಿಟ್ಟರು. ಬೈಯಬೇಕಿದ್ದ ಅಣ್ಣ ಗೆಳೆಯರನ್ನೆಲ್ಲ ಕರೆತಂದು ತೋರಿಸಿದರು. ಎಷ್ಟು ಸಣ್ಣ ಕಂಡಿಯಿದ್ದರೂ ನುಸುಳುತ್ತಾಳೆಂದು ಇವರು ಸೂಜಿಯಾದರು. ಸದಾ ಏನಾದರೊಂದು ಗುನುಗುತ್ತಲೇ ಇರುವ ಅಣ್ಣ ಜೀರುಂಡೆ.

ಅದು ಕಾನೂನಿನ ಕಣ್ಣಿಗೆ ಕಳ್ಳತನವೇ, ಸುತ್ತಿ ಬಳಸಿ ಹೇಳುವುದು ಬೇಡ. ಆದರೆ ಆ ಹುಡುಗರಿಗೆ ಬೇಕಿದ್ದದ್ದು ಆಟವಲ್ಲ, ಹೆಸರು. ಬೀಗ ಒಡೆದ ಆಟದ ಮುಂದೆ ತಮ್ಮದೊಂದು ಪುಟ್ಟ ಪ್ರದರ್ಶನ ಅಂಟಿಸುತ್ತಿದ್ದರು. ಬಣ್ಣದ ಅಕ್ಷರಗಳು ಅಲೆಯಂತೆ ಹರಿಯುತ್ತಿದ್ದವು, ಒಡೆದವರ ಅಡ್ಡಹೆಸರು ಮಿನುಗುತ್ತಿತ್ತು, ಹಿಂದೆ ಜೀರುಂಡೆಯ ರಾಗ. ಬರಬರುತ್ತಾ ಆಟದ ಗೊಡವೆಯೇ ಬಿಟ್ಟುಹೋಗಿ ಪ್ರದರ್ಶನವಷ್ಟೇ ಉಳಿಯಿತು. ಅದಕ್ಕೆ ಡೆಮೊ ಎಂದು ಹೆಸರು. ಬಾಡಿಗೆ ಸಭಾಂಗಣಗಳಲ್ಲಿ ಇಂಥ ಗೆಳೆಯರ ಬಳಗಗಳೆಲ್ಲ ಕಂಪ್ಯೂಟರ್ ಹೊತ್ತುಕೊಂಡು ಬಂದು ಸೇರುತ್ತಿದ್ದವು, ಮೇಜಿನ ಕೆಳಗೇ ಮಲಗೇಳುತ್ತಿದ್ದವು. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೊ ಹಿಡಿಸದಷ್ಟು ಜಾಗದಲ್ಲಿ ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತುರುಕುತ್ತಿದ್ದರು.

"ಅಲ್ಲೂ ಕಳ್ಳರಿದ್ರು," ಎಂದು ನಗುತ್ತಾರೆ ಸೂಜಿ. "ನಮ್ಮ ಡೆಮೊದಲ್ಲಿ ನಮ್ಮ ಹೆಸರು ಅಳಿಸಿ ಅವರ ಹೆಸರು ಹಾಕ್ಕೊಳ್ಳೋರು. ನಾವೂ ಅದನ್ನೇ ಮಾಡ್ತಿದ್ವಿ ಅನ್ನಿ. ಆದ್ರೆ ನಮಗೇ ಆದಾಗ ಹೊಟ್ಟೆ ಉರೀತು."

ಆ ಹೊಟ್ಟೆಯುರಿಯಲ್ಲಿಯೇ ಎಡವಟ್ಟಾದದ್ದು. ಬಳಗದ ದೊಡ್ಡ ಡೆಮೊ, ಅಣ್ಣ ತಿಂಗಳುಗಟ್ಟಲೆ ಕೂತು ಕಟ್ಟಿದ ರಾಗ. ಅದನ್ನು ಯಾರೂ ಮುಟ್ಟಬಾರದೆಂದು ಸೂಜಿ ತಮ್ಮ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಬೀಗ ಹಾಕಿದರು. ಪ್ರತಿ ಸ್ವರವನ್ನೂ ಮೇಲಕ್ಕೋ ಕೆಳಕ್ಕೋ ಸರಿಸಿ ಬರೆದರು. ಯಾವುದು ಎಷ್ಟು ಸರಿದಿದೆ ಎಂಬುದನ್ನು ತಟ್ಟೆಯ ಅಂಚಿನ ಒಂದು ಸುತ್ತಿನಲ್ಲಿ ಬರೆದಿಟ್ಟರು. ಅದೂ ಫ್ಲಾಪಿ ಬರೆಯುವ ಡ್ರೈವನ್ನೇ ಬಿಚ್ಚಿ ತಿದ್ದಿ, ಬೇರೆಯವರ ಡ್ರೈವ್ ಓದಬಹುದೇ ಹೊರತು ಮತ್ತೆ ಬರೆಯಲಾಗದ ಹಾಗೆ. ಒಂದು ಸ್ವರದ ಲೆಕ್ಕ ಇನ್ನೊಂದಕ್ಕೆ ಒಗ್ಗುವುದಿಲ್ಲ. ಅಸಲಿ ಫ್ಲಾಪಿಯಲ್ಲಿ ಹಾಡು ಹಾಡಿನಂತಿರುತ್ತದೆ, ನಕಲಿನಲ್ಲಿ ತಾಳ ಅದೇ, ಸ್ವರ ಮಾತ್ರ ದಿಕ್ಕಾಪಾಲು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎದುರಾಳಿ ಬಳಗಗಳು ಎಷ್ಟು ತಿಪ್ಪರಲಾಗ ಹಾಕಿದರೂ ನಕಲು ಮಾಡಲಾಗಲಿಲ್ಲ. ಸೂಜಿ ಬೀಗಿದರು.

ಆಮೇಲೆ ಬಳಗ ಚದುರಿತು. ಅಣ್ಣ ಲಿಫ್ಟ್ ರಿಪೇರಿಗೆ ಸೇರಿದರು. ಸೂಜಿ ಕೆಲಸಕ್ಕಾಗಿ ಅಲೆದ ಬಾಗಿಲುಗಳಿಗೆ ಲೆಕ್ಕವಿಲ್ಲ. "ಮುಂಚೆ ಏನ್ ಮಾಡ್ತಿದ್ರಿ ಅಂತ ಕೇಳೋರು. ಬೀಗ ಒಡೀತಿದ್ದೆ ಅಂತ ಹೇಳೋಕಾಗುತ್ತಾ?" ಕಡೆಗೆ ಇದೇ ಕಾರ್ಖಾನೆಯಲ್ಲಿ ಬಟ್ಟೆ ಮಡಚಿ ಡಬ್ಬಿಗೆ ತುಂಬುವ ಕೆಲಸ ಸಿಕ್ಕಿತು. ಒಂದು ದಿನ ಯಂತ್ರ ಫ್ಲಾಪಿ ಓದದೆ ಮೊಂಡಾಟ ಹೂಡಿ, ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಡಬ್ಬಿ ಪಕ್ಕಕ್ಕಿಟ್ಟು ಎದ್ದು ಬಂದವರು ಮತ್ತೆ ಮಡಚುವ ಮೇಜಿಗೆ ಹೋಗಲಿಲ್ಲ.

ಅಣ್ಣನ ಕಿವಿ ಕೈಕೊಡಲು ಶುರುವಾಗಿದ್ದು ಹೋದ ವರ್ಷ. ನರದ ಕಾಯಿಲೆ. ಬಲಗಿವಿ ಮೊದಲೇ ಹೋಯಿತು, ಎಡಗಿವಿಯೂ ಉಳಿಯುವುದಿಲ್ಲ, ಕಿವಿಯ ಯಂತ್ರ ಹಾಕಿಸಿಯೂ ಪ್ರಯೋಜನವಿಲ್ಲ ಎಂದು ವೈದ್ಯರು ಮುಖಕ್ಕೇ ಹೇಳಿದರು. ಅಣ್ಣ ಅಳಲಿಲ್ಲ, ರೇಗಲಿಲ್ಲ. ತಂಗಿಯನ್ನು ಕರೆಸಿ ಕೇಳಿದ್ದು ಒಂದೇ ಮಾತು: "ನಮ್ಮ ಹಾಡು ಒಂದ್ಸಲ ಕೇಳಿಸ್ತೀಯಾ, ಸೂಜಿ? ಪೂರ್ತಿ."

ಬೀಗವಿಲ್ಲದ ಪ್ರತಿ ಎಲ್ಲೂ ಇರಲಿಲ್ಲ, ಅಸಲಿ ಫ್ಲಾಪಿ ಉಳಿದಿದ್ದದ್ದೂ ಒಂದೇ, ಅಣ್ಣನ ಮನೆಯ ಅಟ್ಟದಲ್ಲಿ. ಸೂಜಿ ಅದನ್ನು ತಂದು ಬಿಚ್ಚಿದರು. ನಡುವೆಲ್ಲ ಗಟ್ಟಿಯಾಗಿತ್ತು. ಬೂಷ್ಟು ಹತ್ತಿದ್ದು ಅಂಚಿಗೆ. ಅವರೇ ಲೆಕ್ಕ ಬಚ್ಚಿಟ್ಟ ಆ ಒಂದು ಸುತ್ತಿನ ಲೇಪ ಹತ್ತಿ ತಾಕುತ್ತಲೇ ಪುಡಿಯಾಗಿ ಎದ್ದು ಬಂತು. ಹಾಡಿನ ತಾಳವಷ್ಟೂ ಸಿಕ್ಕಿತು, ಸ್ವರ ಒಂದೂ ನಿಜವಲ್ಲ.

"ಊರಿನವರ ಬೀಗ ಎಲ್ಲ ಒಡೆದೆ. ನನ್ನದೇ ಬೀಗ, ನನ್ನ ಕೈಲಿ ಆಗ್ಲಿಲ್ಲ. ಒಡೆಯೋಕೆ ಆಗ್ಬಾರ್ದು ಅಂತಲೇ ತಾನೇ ಹಾಕಿದ್ದು?" ಎಂದು ಕೇಳುತ್ತಾರೆ. ಕಣ್ಣು ತುಂಬಿಕೊಳ್ಳುತ್ತದೆ. ಒರೆಸಿಕೊಳ್ಳುವುದಿಲ್ಲ, ಬೆರಳಲ್ಲಿ ಸ್ಪಿರಿಟ್ಟಿದೆ.

ಆ ಸ್ವರಗಳು ಇನ್ನೊಂದು ಕಡೆ ಇದ್ದವು, ಅಣ್ಣನ ನೆನಪಿನಲ್ಲಿ. ಹಾಡಿ ತೋರಿಸಲು ಅವರಿಂದಾಗುವುದಿಲ್ಲ. ತಮ್ಮ ದನಿಯೇ ತಮಗೆ ಸರಿಯಾಗಿ ಕೇಳದವರಿಗೆ ಶ್ರುತಿ ನಿಲ್ಲುವುದು ಹೇಗೆ? ಆದರೆ ಕಿವಿಗೆ ಬಿದ್ದದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲರು. ಹೀಗೆ ಶುರುವಾಯಿತು ಅಣ್ಣ ತಂಗಿಯ ಈ ಹುಚ್ಚು. ಕಾರ್ಖಾನೆಯ ಕೆಲಸ ಮುಗಿಸಿ ಸೂಜಿ ನೇರವಾಗಿ ಅಣ್ಣನ ಮನೆಗೆ ಹೋಗುತ್ತಾರೆ. ಸ್ಪೀಕರನ್ನು ಎಡಗಿವಿಯ ಪಕ್ಕಕ್ಕಿಟ್ಟು ಒಂದು ಸ್ವರ ನುಡಿಸುತ್ತಾರೆ. "ಮೇಲೆ," ಎನ್ನುತ್ತಾರೆ ಅಣ್ಣ. "ಇನ್ನೂ ಮೇಲೆ. ಜಾಸ್ತಿ ಆಯ್ತು. ಹಾಂ, ಅಲ್ಲೇ." ಮತ್ತೆ ಮುಂದಿನದು. ಒಂದೊಂದು ದಿನ ನಾಲ್ಕು ಸ್ವರಕ್ಕೇ ಅಣ್ಣನಿಗೆ ಸುಸ್ತಾಗುತ್ತದೆ.

ಅತ್ತಿಗೆ ಬಾಗಿಲಲ್ಲಿ ನಿಂತು ಮೂಗು ಮುರಿಯುತ್ತಾರೆ. "ನಾನು ಕರೆದ್ರೆ ಮಾತ್ರ ಇವ್ರಿಗೆ ಯಾವತ್ತೂ ಕಿವಿ ಇರ್ಲಿಲ್ಲ. ಇದಕ್ಕೆ ನೋಡಿ, ಹೇಗೆ ನಿಮಿರುತ್ತೆ." ಹಾಗೆಂದವರೇ ಒಳಗೆ ಹೋಗಿ ಫ್ಯಾನು ಆರಿಸುತ್ತಾರೆ, ನಲ್ಲಿ ಬಿಗಿಯುತ್ತಾರೆ, ಬೀದಿಯ ಕಡೆಯ ಕಿಟಕಿ ಮುಚ್ಚುತ್ತಾರೆ.

ಈ ವಾರ ಸೂಜಿಯ ಜೊತೆ ಆ ಮನೆಗೆ ಹೋದ ವರದಿಗಾರರು ಕಂಡದ್ದು ಇಷ್ಟು. ರಾಗ ಮುಕ್ಕಾಲು ಪಾಲು ಮುಗಿದಿದೆ. ಅಣ್ಣ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಎಡಗಿವಿಯನ್ನು ಸ್ಪೀಕರಿಗೆ ತಾಗಿಸಿಕೊಂಡು ಕುಳಿತಿದ್ದಾರೆ. ಸೂಜಿ ಒಂದು ಸ್ವರ ಒತ್ತುತ್ತಾರೆ. ಕೋಣೆಯ ತುಂಬ ಕೇಳುತ್ತದೆ. ಅಣ್ಣ ಏನೂ ಹೇಳುವುದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ, ದನಿ ಏರಿಸಿ ಮತ್ತೊಮ್ಮೆ. ಅಡುಗೆಮನೆಯಿಂದ ಅತ್ತಿಗೆ ಹೊರಗೆ ಬರುತ್ತಾರೆ.

"ಹಾಕೇ, ಸೂಜಿ," ಎನ್ನುತ್ತಾರೆ ಅಣ್ಣ, ಕಣ್ಣು ತೆರೆಯದೆ. "ಯಾಕೆ ನಿಲ್ಲಿಸಿದೆ?"

ಸೂಜಿ ಸ್ಪೀಕರನ್ನು ಆರಿಸುವುದಿಲ್ಲ. ಅಣ್ಣನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಬಹಳ ಹೊತ್ತಿನ ಮೇಲೆ ಅಣ್ಣನಿಗೇ ಅರ್ಥವಾಗಿ, "ಓ," ಎನ್ನುತ್ತಾರೆ, ಅಷ್ಟೇ.

ಮರುದಿನ ಬೆಳಗಾಗುವ ಮೊದಲೇ ಸೂಜಿ ಮೇಜಿನ ಮುಂದಿದ್ದಾರೆ. ರಜೆ ಹಾಕಿ ಎಂದರೆ ಕೇಳುವವರಲ್ಲ. ಮೇಸ್ತ್ರಿ ಮೆಲ್ಲಗೆ ಹತ್ತಿರ ಬಂದು ತಮಗೆ ತೋಚಿದ್ದನ್ನು ಹೇಳುತ್ತಾರೆ: "ಅಕ್ಕ, ಈಗಿನ ಕಂಪ್ಯೂಟರ್‌ಗೆ ಕೊಟ್ರೆ ಮಿಕ್ಕಿದ್ದನ್ನ ಅದೇ ಊಹಿಸಿ ತುಂಬುತ್ತಂತೆ. ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ."

"ಗೊತ್ತಾಗಲ್ಲ," ಎಂದು ಸೂಜಿ ಒಪ್ಪುತ್ತಾರೆ. ಸರಿಪಡಿಸಲು ಆದಷ್ಟು ಹಾಡನ್ನು ರಾತ್ರಿಯೇ ಅಂತರ್ಜಾಲಕ್ಕೆ ಹಾಕಿ ಆಗಿದೆ, ಬೀಗವಿಲ್ಲದೆ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ. ಹಳೆಯ ಬಳಗದವರೊಬ್ಬರು ಕೇಳಿ, ಕೊನೆಯಲ್ಲಿ ಯಾಕೆ ಥಟ್ಟನೆ ನಿಂತುಹೋಗುತ್ತದೆ, ಫೈಲು ಕೆಟ್ಟಿದೆಯೇ ಎಂದು ಬರೆದಿದ್ದಾರಂತೆ.

ಹತ್ತಿಯ ಹೊಸ ಉಂಡೆಯೊಂದನ್ನು ಸ್ಪಿರಿಟ್ಟಿನಲ್ಲಿ ಅದ್ದುತ್ತಾ ಹೇಳುತ್ತಾರೆ: "ಬೇರೆಯವ್ರ ಕೆಲಸದ ಮೇಲೆ ನನ್ನ ಹೆಸರು ಎಷ್ಟೋ ಸಲ ಮೆತ್ತಿದೀನಿ. ಅಣ್ಣನ ಹೆಸರಿನ ಕೆಳಗೆ ಇನ್ಯಾರದ್ದೋ ಸ್ವರ ಇಡಲ್ಲ. ಅವನಿಗೆ ಎಲ್ಲಿವರೆಗೆ ಕೇಳಿಸ್ತೋ ಹಾಡು ಅಲ್ಲಿವರೆಗೆ. ಮುಂದಕ್ಕೆ ಖಾಲಿನೇ ಇರ್ಲಿ."